ನಾಲ್ಕು ಬೆರಳಿನ ಅಂತರ

ಒತಾರುವಿನ ಇಳಿಜಾರು ಬೀದಿ, ಮೀನಂಗಡಿಯ ಮಗ್ಗುಲು,
ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ.
ಹೊರಗೆ ಮೊಣಕಾಲುದ್ದ ಹಿಮ.
ಒಳಗೆ ಒಂಬತ್ತು ಯಂತ್ರ, ಅದರಲ್ಲೊಂದು ಕೆಟ್ಟದ್ದು,
ಗೂಡಿನಲ್ಲಿ ಯಾರೋ ಬಿಟ್ಟುಹೋದ ಹಳೆಯ ಮಾಂಗಾ.
ಏಳನೆಯ ಸಂಪುಟದ ಬೆನ್ನು ಬಿರಿದಿದೆ;
ಎತ್ತಿಕೊಂಡರೆ ತಾನಾಗಿ ಬಾಯಿಬಿಡುವುದು ಅದೇ ಪುಟ:
ರೈಲು ನಿಲ್ದಾಣ. ಅವಳು ಹೊರಟಿದ್ದಾಳೆ.
ಅವನು ಮಣಿಕಟ್ಟು ಹಿಡಿದು ಎಳೆಯುತ್ತಾನೆ.
ಸುತ್ತ ಹೂವು.

ಬಲದಿಂದ ಎಡಕ್ಕೆ ಓದಬೇಕಾದ ಪುಟ.
ಮೊದಲು ಸಿಗುವುದು ಅವನ ಕೈ,
ಆಮೇಲೆ ಅವಳ ಮುಖ.

"ಬಿಡು ಅಂತಾಳಲ್ಲ, ಇಲ್ಲೇ ಇದೆ ನೋಡಿ," ಅಂದಳು ಫುಮಿನೊ,
ಹೈಸ್ಕೂಲು ಹುಡುಗಿ, ಕಾಲುಚೀಲ ಒಣಗಲೆಂದು ಬರಿಗಾಲಲ್ಲಿ ಕೂತವಳು.
"ಎರಡು ಸಲ ಅಂತಾಳೆ. ಎರಡನೆಯದು ಸಣ್ಣಕ್ಷರ.
ಸಣ್ಣಗೆ ಹೇಳಿದರೆ ಲೆಕ್ಕಕ್ಕಿಲ್ಲವಾ?"

ಮೀನಂಗಡಿಯ ತೊಕಿಕೊ
ವಾಸನೆ ಹೋಗದ ಏಪ್ರನ್ನಿಗೆ ಇನ್ನೊಂದು ನಾಣ್ಯ ಹಾಕುತ್ತ ನಕ್ಕಳು:
"ಈ ಪುಟ ನೋಡಿ ಅತ್ತಿದ್ದೆ ಕಣೆ ನಾನು.
ನನ್ನನ್ನು ಯಾರೂ ಎಳೆಯಲಿಲ್ಲ.
ಹೋಗ್ತೀನಿ ಅಂದೆ. ಹೋಗು ಅಂದ, ಪೇಪರಿನಿಂದ ತಲೆ ಎತ್ತದೆ.
ಸಂಜೆ ನಾನೇ ತಿರುಗಿ ಬಂದು ಅನ್ನಕ್ಕಿಟ್ಟೆ."

"ಎಳೆಯೋದು ಪ್ರೀತಿಯಾ ಹಾಗಾದರೆ?"
"ತಲೆ ಎತ್ತದೇ ಇರೋದೂ ಅಲ್ಲ, ಮಗು."

ಮೂಲೆಯಿಂದ ಇಸಾಮು, ಬಂದರಿನ ರಾತ್ರಿ ಕಾವಲಿನವ,
ಸಮವಸ್ತ್ರ ತಿರುಗುವುದನ್ನೇ ನೋಡುತ್ತ, ಯಾರಿಗೂ ಅಲ್ಲವೆಂಬಂತೆ:
"ಅಕ್ಕನ ಹಾಸಿಗೆಯಡಿ ಕದ್ದು ಓದಿ ಕಲಿತದ್ದು ನಾನು.
ಊಟದ ಡಬ್ಬಿ ಅವಳು ಕಟ್ಟಬೇಕು,
ಅವನು ಚೆನ್ನಾಗಿದೆ ಅನ್ನಬಾರದು, ತಿಂದು ಮುಗಿಸಬೇಕು ಅಷ್ಟೇ.
ಒಮ್ಮೆ ನಿಲ್ದಾಣದಲ್ಲಿ ಒಬ್ಬಳ ಮಣಿಕಟ್ಟು ಹಿಡಿದೆ.
ಹೂವು ಬರಲಿಲ್ಲ."

ಯಂತ್ರಗಳಷ್ಟೇ ಸ್ವಲ್ಪ ಹೊತ್ತು ಮಾತಾಡಿದವು.

ನಾನು ಹೇಳಬಹುದಿತ್ತು. ಹೇಳಲಿಲ್ಲ.
ಆ ಹೂಗಳು ನನ್ನವು.
ಕೊನೆಯ ಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿ
ನೆರವಾದವರ ಮೂರು ಹೆಸರು, ಮೂರನೆಯದು ನಾನು.
ಇಪ್ಪತ್ತಮೂರು ವಯಸ್ಸು, ಟೋಕಿಯೊದ ಬಾಡಿಗೆ ಕೋಣೆ,
ಗಡುವಿಗೆ ಒಂದೇ ರಾತ್ರಿ, ತಣ್ಣಗಾದ ಅನ್ನದುಂಡೆ.
ಗುರುಗಳು ಪೆನ್ಸಿಲಿನಲ್ಲಿ ಬರೆದ ಆ ಮುಖ
ಹಲ್ಲು ಕಚ್ಚಿತ್ತು.
ಕಣ್ಣಲ್ಲಿ ಸಿಟ್ಟು, ಬರಿಯ ಸಿಟ್ಟು.
ಆಮೇಲೆ ಸಂಪಾದಕರ ಫೋನು.
ಗುರುಗಳು ಹ್ಞೂಂ ಅಂದರು, ಮತ್ತೆ ಹ್ಞೂಂ ಅಂದರು,
ಹೆಂಗಸಾದ ಅವರೂ ಅಷ್ಟೇ ಅಂದದ್ದು,
ಬಿಳಿ ಶಾಯಿಯ ಸೀಸೆ ತೆರೆದರು.
ಹಲ್ಲಿನ ಮೇಲೆ ಬಿಳಿ. ಕೆನ್ನೆಗೆ ನಾಚಿಕೆಯ ಮೂರು ಗೀಟು.
"ಜಾಗ ಖಾಲಿ ಉಳೀತು, ಹೂ ತುಂಬಮ್ಮ."
ಯಾವ ಹೂವೆಂದು ಕೇಳುವ ಧೈರ್ಯವಿರಲಿಲ್ಲ.
ಬಚ್ಚಲಿನ ಸೋಪಿನ ಹೊದಿಕೆ ನೋಡಿ ನಲವತ್ತೊಂದು ಬರೆದೆ.

ಆ ಬೆರಳುಗಳಿಗೆ ಮಸಿ ತುಂಬಿದವಳೂ ನಾನೇ.
ಕೈ ಹಿಡಿಯುವುದಕ್ಕೂ ಮಣಿಕಟ್ಟು ಹಿಡಿಯುವುದಕ್ಕೂ
ನಾಲ್ಕೇ ಬೆರಳಿನ ಅಂತರ;
ಅಂದು ಅಳತೆಪಟ್ಟಿ ನನ್ನ ಮುಂದೆಯೇ ಇತ್ತು.

"ನೀವೇನಂತೀರಿ?" ಫುಮಿನೊ ನನ್ನ ಕಡೆ ತಿರುಗಿದಳು.
"ಹೂವು ಜಾಸ್ತಿಯಾಯ್ತು," ಅಂದೆ.
"ಹೂವೂ ಇಲ್ಲದೆ ಇನ್ನೇನು ಓದೋದು," ತೊಕಿಕೊ ಗೊಣಗಿದಳು,
ಅವಳ ಮಾತನ್ನೂ ತೆಗೆದುಹಾಕಲಾರೆ.

ನನ್ನ ರಜಾಯಿಯ ಹೊದಿಕೆ ಒಣಗಿ ಬಂತು, ಬಿಸಿಬಿಸಿ.
ಒಬ್ಬರೇ ಮಡಿಸಲಾಗದ ಅಗಲ.
ಹುಡುಗಿ ಬರಿಗಾಲಲ್ಲೇ ಎದ್ದು ಬಂದು ಆ ತುದಿ ಹಿಡಿದಳು.
ಹತ್ತಿರ ಬಂದೆವು, ದೂರ ಸರಿದೆವು, ಮತ್ತೆ ಹತ್ತಿರ.
"ಬಿಡಿ," ಅಂದಳು, ಸಣ್ಣಗೆ.
ಬಿಟ್ಟೆ.